ಪದ ಬೇಕಿದೆ: ‘ಕ್ರಂಪಲ್ ಝೋನ್’ಗೆ ಮುದುರು, ಮುದುಡು, ನೆಗ್ಗು – ಯಾವುದು?

ಬಳಗದವರಿಗೆ ನಮಸ್ಕಾರ.

ಅಪಘಾತವಾದ ದುಬಾರಿ ಕಾರುಗಳ ಬಾಡಿ ಕೆಲಸ ಕಲಿಯುವ ಹುಡುಗರಿಗೆ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಂಪರ್, ಬಾನೆಟ್, ಪಿಲ್ಲರ್ (ಚಾವಣಿ ಹೊರುವ ಕಂಬ), ಚಾಸಿ ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ‘ಮಧ್ಯಸ್ತಂಭ’ ಎಂದು ಬರೆದರೆ ಗ್ಯಾರೇಜಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ಕ್ರಿಯಾಪದಗಳಲ್ಲಿ. ಗುದ್ದಿದಾಗ ಲೋಹಕ್ಕೆ ಆದದ್ದೇನು?

ಪತ್ರಿಕೆಯವರಿಗೆ ಒಂದೇ ಪದ ಸಾಕು: ನಜ್ಜುಗುಜ್ಜು. ‘ನುಜ್ಜುಗುಜ್ಜು’ ಎಂದೂ ಅಚ್ಚಾಗುತ್ತದೆ, ಯಾವುದು ಸರಿ ಎಂದು ಬಲ್ಲವರು ಹೇಳಿ. ಲಾರಿಗೆ ಡಿಕ್ಕಿ, ಕಾರಿನ ಮುಂಭಾಗ ನಜ್ಜುಗುಜ್ಜು. (ನಮ್ಮಲ್ಲಿ ಸಾಮಾನು ಇಡುವ ಜಾಗವೂ ಡಿಕ್ಕಿ, ಗುದ್ದುವುದೂ ಡಿಕ್ಕಿ. ‘ಆಟೋ ಬಂದು ಡಿಕ್ಕಿಗೆ ಡಿಕ್ಕಿ’ ಎಂದು ಹುಡುಗನೊಬ್ಬ ಜಾಬ್ ಕಾರ್ಡಿನಲ್ಲಿ ಬರೆದಿದ್ದ. ತಿದ್ದಲು ಮನಸ್ಸು ಬರಲಿಲ್ಲ.) ನಜ್ಜುಗುಜ್ಜು ಎಂದಾಗ ಕಾರು ಸೋತಿತು ಎಂಬ ಅರ್ಥ ಬಂದುಬಿಡುತ್ತದೆ. ಆದರೆ ಆ ಮುಂಭಾಗವನ್ನು ಮಾಡಿರುವುದೇ ಹಾಗಾಗಲಿ ಎಂದು. ಇಂಗ್ಲಿಷಿನಲ್ಲಿ ಅದಕ್ಕೇ ‘ಕ್ರಂಪಲ್ ಝೋನ್’ ಎನ್ನುವುದು. ಗುದ್ದಿನ ಬಲವನ್ನೆಲ್ಲ ಅದು ತಿಂದುಕೊಂಡರೆ ಜನ ಕೂರುವ ಗೂಡು ಅಲುಗದೆ ಉಳಿಯುತ್ತದೆ. ಮರ್ಸಿಡಿಸ್ ಬೆಂಜ್‌ನ ಎಂಜಿನಿಯರ್ ಬೇಲಾ ಬಾರೆನ್ಯಿ ಈ ಉಪಾಯಕ್ಕೆ 1951ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1959ರಲ್ಲಿ ಅದೇ ಕಂಪನಿಯ ಡಬ್ಲ್ಯು 111 ಕಾರು ಹೀಗೆ ತಯಾರಾಗಿ ಬಂತು. ಜರ್ಮನರು ಇದನ್ನು ‘ಕ್ನೌಟ್ಷ್‌ಝೋನೆ’ ಎನ್ನುತ್ತಾರೆ. ‘ಕ್ನೌಟ್ಷೆನ್’ ಅವರಿಗೆ ಮನೆಮಾತಿನ ಪದ, ಬಟ್ಟೆ ಸುಕ್ಕಾಗುವುದಕ್ಕೆ ಹೇಳುವಂಥದ್ದು. ನಮ್ಮ ‘ಅಪಘಾತ ಶಕ್ತಿ ಹೀರಿಕೆ ವಲಯ’ಕ್ಕಿಂತ ಎಷ್ಟೋ ಮೇಲು.

ಹೋದ ತಿಂಗಳು ಕಂಡದ್ದು. ಜರ್ಮನ್ ಕಾರೊಂದು ನಿಧಾನವಾಗಿಯೇ ಹೋಗಿ ಮುಂದಿನ ಗಾಡಿಗೆ ತಗುಲಿತ್ತು. ಹೊರಗಡೆ ಎರಡು ಗೀರು ಬಿಟ್ಟರೆ ಏನಿಲ್ಲ, ಪ್ಲಾಸ್ಟಿಕ್ ಬಂಪರ್ ಒಳಕ್ಕೆ ಹೋಗಿ ತಾನೇ ವಾಪಸು ಬಂದಿತ್ತು. ಮಾಲೀಕರು ‘ಪಾಲಿಶ್ ಹೊಡೆದು ಕೊಡಿ’ ಎಂದು ಅವಸರ ಮಾಡುತ್ತಿದ್ದರು. ಬಂಪರ್ ಬಿಚ್ಚಿದರೆ, ಅಡ್ಡಪಟ್ಟಿಯ ಹಿಂದಿರುವ ಗೇಣುದ್ದದ ಅಲ್ಯೂಮಿನಿಯಂ ಡಬ್ಬಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಕೂತಿದೆ! ಇದಕ್ಕೆ ಕ್ರ್ಯಾಶ್ ಬಾಕ್ಸ್ ಎನ್ನುತ್ತಾರೆ. ಗಂಟೆಗೆ 15 ಕಿ.ಮೀ. ಆಸುಪಾಸಿನ ಗುದ್ದಿಗೆ ತಾನು ಮಡಚಿಕೊಂಡು ಹಿಂದಿರುವ ಚೌಕಟ್ಟಿನ ಉದ್ದ ಹಳಿಗಳನ್ನು ಕಾಪಾಡುವುದು ಇದರ ಕೆಲಸ. ಬೋಲ್ಟ್ ಬಿಚ್ಚಿ ಹೊಸದನ್ನು ಕೂರಿಸಬೇಕು. ಎಳೆದು ನೇರ ಮಾಡಿದರೆ ಮುಂದಿನ ಸಲ ಅದು ಲೆಕ್ಕದಂತೆ ಮಡಚಿಕೊಳ್ಳುವುದಿಲ್ಲ. ಹೀಗೆ ಹೊರಗೆ ಕಾಣದ ಹಾನಿಗೆ ‘ಒಳಪೆಟ್ಟು’ ಎಂದು ಬರೆದುಕೊಂಡಿದ್ದೇನೆ. ಅದರ ಬಗ್ಗೆ ತಕರಾರು ಇರಲಾರದು.

ಮೊದಲ ಕರಡಿನಲ್ಲಿ ಆ ಡಬ್ಬಿ ‘ನೆಗ್ಗಿದೆ’ ಎಂದು ಬರೆದಿದ್ದೆ. ಓದಿ ನೋಡಿದ ಹಿರಿಯ ಟಿಂಕರ್ ಒಬ್ಬರು ಅಲ್ಲೇ ತಡೆದರು: “ನೆಗ್ಗಿದ್ದು ಅಂತ ಬರೀಬೇಡಿ ಸಾರ್, ಹುಡುಗ್ರು ಸುತ್ತಿಗೆ ತಗೊಂಡ್ಬಿಡ್ತಾರೆ.” ಅವರ ಮಾತು ಸರಿ. ತಾಮ್ರದ ಕೊಡ ನೆಗ್ಗಿದರೆ ಒಳಗಿನಿಂದ ತಟ್ಟಿ ಎತ್ತಬಹುದು. ಎತ್ತಲಾಗುವುದಕ್ಕೇ ನಾವು ನೆಗ್ಗು ಎನ್ನುವುದು. ಜಜ್ಜು ಎಂದರೆ ಶುಂಠಿ, ಬೆಳ್ಳುಳ್ಳಿ. ಅಲ್ಲಿ ಯಾರೋ ಜಜ್ಜಬೇಕು. ಅಪ್ಪಚ್ಚಿಯಲ್ಲಿ ಮಡಿಕೆಯೇ ಇಲ್ಲ.

ಹಾಗಾಗಿ ಉಳಿದದ್ದು ಮುದುರು, ಮುದುಡು. ನನ್ನ ಕಿವಿಗೆ ಕಾಗದ ಮುದುರುತ್ತದೆ, ಹೂ ಮುದುಡುತ್ತದೆ. ಮುಟ್ಟಿದರೆ ಮುನಿಯ ಎಲೆ ಮುದುಡಿಕೊಂಡದ್ದು ಮತ್ತೆ ಬಿಡಿಸಿಕೊಳ್ಳುತ್ತದೆ, ಮುದುರಿದ ಕಾಗದವನ್ನು ಎಷ್ಟು ನೀವಿದರೂ ಗೆರೆ ಉಳಿಯುತ್ತದೆ. ಆ ಗೆರೆ ಉಳಿಯುವ ಗುಣವೇ ನನಗೆ ಬೇಕಾದದ್ದು. ‘ಮುದುರುಭಾಗ’ ಎಂದರೆ ಸಾಕೆನಿಸುತ್ತದೆ, ‘ವಲಯ’ ಬೇಡ. ಆದರೆ ಇವೆರಡನ್ನೂ ಅದಲುಬದಲು ಆಡುವವರೂ ಇದ್ದಾರೆ. ನಿಮ್ಮ ಕಡೆ ಹೇಗೆ?

ಎರಡನೆಯದು ಜನ ಕೂರುವ ಗೂಡಿನ ಮಾತು. ಅದು ಮುದುರಲೇಬಾರದು. ಅಲ್ಲಿ ಹಾಕುವುದು ಬೋರಾನ್ ಉಕ್ಕು. ಸುಮಾರು 900 ಡಿಗ್ರಿಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಚ್ಚಿನೊಳಗೇ ಸರ್ರನೆ ತಣಿಸುತ್ತಾರೆ. ಎಳೆತವನ್ನು ಮೆಗಾಪ್ಯಾಸ್ಕಲ್‌ನಲ್ಲಿ ಅಳೆದರೆ ಮಾಮೂಲಿ ತಗಡು ತಡೆಯುವುದು ಸುಮಾರು 300, ಇದು 1,500. ನಮ್ಮ ಹೊಸಕೋಟೆಯಲ್ಲಿ 2017ರಲ್ಲಿ ಜೋಡಣೆ ಶುರುವಾದ ವೋಲ್ವೋ ಎಕ್ಸ್‌ಸಿ90ಯ ಬಾಡಿಯ ತೂಕದಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಇದೇ ಉಕ್ಕು. ಇದಕ್ಕೆ ಗ್ಯಾಸ್ ಬೆಂಕಿ ತೋರಿಸಿ ಬಗ್ಗಿಸಿದರೆ ಬಲ ಇಳಿದುಹೋಗುತ್ತದೆ. ಮೇಲೆ ಪೇಂಟ್ ಬಿದ್ದರೆ ಗುರುತೂ ಸಿಗುವುದಿಲ್ಲ. ಹೀಗೆ ಬಲ ಇಳಿಯುವುದಕ್ಕೆ ಒಂದು ವಾರ ಪದ ಹುಡುಕಿದೆ. ಆಮೇಲೆ ಅಜ್ಜಿ ನೆನಪಾದರು. ಒಲೆಯ ಕೆಂಡ ಕೆದಕಲು ಕುಡುಗೋಲು ತೆಗೆದುಕೊಂಡರೆ ‘ಹದ ಹೋಗತ್ತೆ, ಇಡೋ’ ಎಂದು ಬೈಯುತ್ತಿದ್ದರು. ಕುಲುಮೆಯಲ್ಲಿ ಕಾಯಿಸಿ ನೀರಿಗೆ ಅದ್ದಿ ಹಾಕಿಸಿಕೊಂಡು ಬಂದ ಹದ ಅದು. ‘ಹದಗೆಟ್ಟ ರಸ್ತೆ’, ‘ಹದಗೆಟ್ಟ ಆರೋಗ್ಯ’ ಎಂದು ಸವೆಸಿಬಿಟ್ಟಿದ್ದೇವೆ. ‘ಪಿಲ್ಲರಿಗೆ ಬೆಂಕಿ ತೋರಿಸಿದರೆ ಹದಗೆಡುತ್ತದೆ’ ಎಂದು ಬರೆದಾಗ ಆ ಪದ ಅಕ್ಷರಶಃ ನಿಲ್ಲುತ್ತದೆ. ಕಲಿಯುವವರು ಅದನ್ನು ಹಾಗೆಯೇ ಓದುತ್ತಾರೋ, ‘ಕೆಟ್ಟುಹೋಗುತ್ತದೆ’ ಎಂದಷ್ಟೇ ಓದುತ್ತಾರೋ ಎಂಬುದು ನನ್ನ ಅನುಮಾನ. ‘ಹದ ಇಳಿಯುತ್ತದೆ’ ಎಂದು ಬಿಡಿಸಿ ಬರೆಯಲೇ?

ಹದ ನೋಡುವುದು ಬಣ್ಣದಿಂದ ಎಂಬ ಕುಲುಮೆಯ ರೂಢಿ ಮಾತ್ರ ಅಲ್ಯೂಮಿನಿಯಂ ಬಾಡಿಗೆ ಕೈಕೊಡುತ್ತದೆ. 1994ರ ಆಡಿ ಎ8ರ ಚೌಕಟ್ಟು ಪೂರ್ತಿ ಅಲ್ಯೂಮಿನಿಯಂ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಅದಕ್ಕೆ ಮೊದಲು ಕೆಂಪಾಗಿ ಕಾಣುವುದೇ ಇಲ್ಲ. ‘ಕೆಂಪಗೆ ಕಾಯಿಸಿ’ ಎಂದು ಕೈಪಿಡಿಯಲ್ಲಿ ಎಲ್ಲೂ ಬರದಂತೆ ನೋಡಿಕೊಳ್ಳುತ್ತಿದ್ದೇನೆ.

ಕಮ್ಮಾರಿಕೆಯ ಮನೆತನದವರು ಬಳಗದಲ್ಲಿದ್ದರೆ ಒಂದು ಕೇಳಿಕೆ: ಕಾದ ಕಬ್ಬಿಣವನ್ನು ನೀರಿಗೆ ಅದ್ದುವುದಕ್ಕೆ ನಿಮ್ಮ ಕುಲುಮೆಯಲ್ಲಿ ಏನೆನ್ನುತ್ತೀರಿ? ಹದ ಹಾಕುವುದೇ, ಹದ ಕೊಡುವುದೇ, ಅಥವಾ ಬೇರೆ ಮಾತಿದೆಯೇ? ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.