ಫ್ಲೋ ಅಷ್ಟೇ ಇದೆ, ಪ್ರೆಶರ್ ಏರುತ್ತಿದೆ: ವ್ಯಾಕ್ಸಾ, ಬೇರೇನಾದರೂ ಇರಬಹುದಾ?

ಪ್ರಶ್ನೆ: ಕಚ್ಚಾ ತೈಲದ ಪೈಪ್‌ಲೈನ್ ಕಂಟ್ರೋಲ್ ರೂಮ್‌ಗೆ ಹೊಸಬ ನಾನು. ಫ್ಲೋ ಬದಲಾಗಿಲ್ಲ, ಆದರೂ ಪಂಪ್ ಡಿಸ್ಚಾರ್ಜ್ ಪ್ರೆಶರ್ (ಪಂಪ್‌ನಿಂದ ಹೊರಬೀಳುವಾಗಿನ ಒತ್ತಡ) ದಿನಾ ಸ್ವಲ್ಪ ಸ್ವಲ್ಪ ಏರುತ್ತಿದೆ. ಒಳಗೆ ವ್ಯಾಕ್ಸ್ (ತೈಲದಿಂದ ಬೇರ್ಪಟ್ಟು ಪೈಪ್ ಗೋಡೆಗೆ ಅಂಟುವ ಮೇಣ) ಕಟ್ಟಿದೆ ಅಂತಾರೆ ಎಲ್ಲರೂ. ಪೈಪ್ ಕತ್ತರಿಸಿ ನೋಡೋಕಂತೂ ಆಗಲ್ಲ. ಖಾತ್ರಿ ಮಾಡಿಕೊಳ್ಳೋದು ಹೇಗೆ?

ಉತ್ತರ 1: ಪ್ರೆಶರ್ ಒಂದನ್ನೇ ನಂಬಬೇಡಿ. ತೈಲ ತಣ್ಣಗಾದರೆ ಮಂದವಾಗುತ್ತದೆ, ಆಗಲೂ ಪ್ರೆಶರ್ ಏರುತ್ತದೆ. ಫ್ಲೋ, ಎರಡೂ ತುದಿಯ ಪ್ರೆಶರ್, ಎರಡೂ ತುದಿಯ ಟೆಂಪರೇಚರ್ ಎಲ್ಲವನ್ನೂ ಒಂದೇ ಟ್ರೆಂಡ್‌ನಲ್ಲಿ (ಕಾಲಕ್ಕೆ ತಕ್ಕ ಏರಿಳಿತದ ಗ್ರಾಫ್) ಹಾಕಿ. ತೈಲ ಬಂದು ತಲುಪುವ ತುದಿಯ ಟೆಂಪರೇಚರ್ ಇಳಿದಿದ್ದರೆ ಮೊದಲು ಚಳಿಯನ್ನು ಅನುಮಾನಿಸಿ. ಇಳಿಯದೆ ಪ್ರೆಶರ್ ಮಾತ್ರ ಏರುತ್ತಿದ್ದರೆ, ತೈಲವೂ ಅದೇ ಆಗಿದ್ದರೆ, ನನ್ನ ಬೆರಳು ವ್ಯಾಕ್ಸ್ ಕಡೆಗೇ. ವ್ಯಾಕ್ಸ್ ಪದರ ಶಾಖವನ್ನು ತಡೆಯುವುದರಿಂದ ತೈಲ ಕೊಂಚ ಬೆಚ್ಚಗೇ ಬಂದು ತಲುಪಲೂಬಹುದು.

ಲೆಕ್ಕ ಹೀಗಿದೆ: ರಭಸದ ಹರಿವಿನಲ್ಲಿ, ಅದೇ ಫ್ಲೋಗೆ, ಒಳವ್ಯಾಸ 5% ಕಿರಿದಾದರೆ ಘರ್ಷಣೆಯ ಪ್ರೆಶರ್ ನಷ್ಟ ಸುಮಾರು 29% ಜಾಸ್ತಿ. ಆದರೆ ಇದು ಇಡೀ ಲೈನ್‌ನ ಸರಾಸರಿ. ಉದ್ದಕ್ಕೂ ತೆಳ್ಳಗೆ ಕಟ್ಟಿದರೂ, ಒಂದೇ ಕಡೆ ದಪ್ಪಗೆ ಕಟ್ಟಿದರೂ ಮೀಟರ್ ಒಂದೇ ಅಂಕಿ ತೋರಿಸಬಹುದು. ಮಧ್ಯದ ವಾಲ್ವ್ ಸ್ಟೇಷನ್‌ಗಳ ಗೇಜ್ ಹಿಡಿದು ತುಂಡು ತುಂಡಾಗಿ ನೋಡಿ. ತೈಲ ಇನ್ನೂ ಬಿಸಿ ಇದ್ದು, ಪೈಪ್ ಗೋಡೆ ವ್ಯಾಕ್ಸ್ ಹರಳುಗಟ್ಟುವ ಟೆಂಪರೇಚರ್‌ಗಿಂತ ತಣ್ಣಗಿರುವ ಜಾಗವೇ ಮೊದಲ ಶಂಕಿತ.

ಉತ್ತರ 2: ಪಿಗ್ (ತೈಲದ ಜೊತೆ ಪೈಪ್ ಒಳಗೆ ಸಾಗುತ್ತಾ ಗೋಡೆ ಕೆರೆಯುವ ಸಾಧನ) ಓಡಿಸಿದಾಗ ರಿಸೀವರ್‌ಗೆ, ಅಂದರೆ ಪಿಗ್ ಹೊರತೆಗೆಯುವ ತುದಿಗೆ, ಏನು ಬಂತು ಅಂತ ನೋಡಿ ಸಾರ್. ಗ್ಲೌಸ್ ಹಾಕಿ ಹಿಸುಕಿದರೆ ಗ್ರೀಸ್ ಥರ ಮೆತ್ತಗಿದ್ದರೆ ಹೊಸದು. ಗಟ್ಟಿಯಾಗಿ ಪುಡಿಯಾದರೆ ಹಳೆಯದು, ಒಂದು ಪಿಗ್‌ನಿಂದ ಇನ್ನೊಂದಕ್ಕೆ ದಿನಗಳ ಅಂತರ ಜಾಸ್ತಿಯಾಗಿರಬಹುದು. ಬಹಳ ದಿನ ಬಿಟ್ಟ ಲೈನ್‌ಗೆ ನೇರವಾಗಿ ಗಟ್ಟಿ ಪಿಗ್ ಬೇಡ. ಕೆರೆದ ವ್ಯಾಕ್ಸ್ ಮುಂದೆ ರಾಶಿ ಬಿದ್ದು ಪಿಗ್ ಸಿಕ್ಕಿಕೊಳ್ಳುತ್ತದೆ. ಮೊದಲು ಮೆತ್ತನೆಯ ಫೋಮ್ ಪಿಗ್ ಕಳಿಸಿ.

ಪ್ರಶ್ನೆ ಕೇಳಿದವರು: ಟ್ರೆಂಡ್ ಹಾಕಿದೆ, ಟೆಂಪರೇಚರ್ ಇಳಿದಿಲ್ಲ. ಪಿಗ್ ಬರುವವರೆಗೆ ಫ್ಲೋ ತಗ್ಗಿಸಿ ಪ್ರೆಶರ್ ಇಳಿಸಲಾ?

ಉತ್ತರ 1: ಪ್ರೆಶರ್ ಲೈನ್‌ನ ಲಿಮಿಟ್ ಹತ್ತಿರ ಬಂದಿದ್ದರೆ ತಗ್ಗಿಸಲೇಬೇಕು, ಬೇರೆ ಮಾತಿಲ್ಲ. ಇಲ್ಲದಿದ್ದರೆ ಸುಮ್ನೆ ತಗ್ಗಿಸಬೇಡಿ. ನಿಧಾನವಾದಷ್ಟೂ ತೈಲ ಒಳಗೆ ಜಾಸ್ತಿ ಹೊತ್ತು ಉಳಿದು ಇನ್ನೂ ತಣ್ಣಗಾಗುತ್ತದೆ. ಅಲಾಸ್ಕಾದ ದೊಡ್ಡ ಲೈನ್‌ನಲ್ಲಿ 1988ರಲ್ಲಿ ದಿನಕ್ಕೆ ಸುಮಾರು 20 ಲಕ್ಷ ಬ್ಯಾರೆಲ್ ಹರಿಯುತ್ತಿತ್ತು. ಈಗ ಅದರ ಕಾಲು ಭಾಗದ ಆಸುಪಾಸು, ಅಲ್ಲಿ ವ್ಯಾಕ್ಸ್ ಕಾಟ ಹೆಚ್ಚಿದ್ದೇ ಹಾಗೆ. ಇನ್ನು ಲೈನ್ ಪೂರ್ತಿ ನಿಲ್ಲಿಸುವ ಯೋಚನೆ ಇದ್ದರೆ ಪೋರ್ ಪಾಯಿಂಟ್ (ತೈಲ ಹರಿಯಬಲ್ಲ ಅತಿ ಕಡಿಮೆ ಟೆಂಪರೇಚರ್) ರಿಪೋರ್ಟ್ ಮೊದಲು ಓದಿ. ಅದಕ್ಕಿಂತ ತಣ್ಣಗಾಗಿ ತೈಲ ಗಡ್ಡೆಕಟ್ಟಿದರೆ ಮತ್ತೆ ಹೊರಡಿಸೋದು ಬೇರೆಯದೇ ತಲೆನೋವು.