‘ಕಾನ್‌ಮನ್’ ಎಂಬಲ್ಲಿನ ‘ಕಾನ್’ ಎಲ್ಲಿಂದ ಬಂತು?

ಪ್ರಶ್ನೆ:
ನಯವಾದ ಮಾತಿನಿಂದ ಜನರನ್ನು ವಂಚಿಸುವವನಿಗೆ ಇಂಗ್ಲಿಷಿನಲ್ಲಿ ‘ಕಾನ್‌ಮನ್’ ಎನ್ನುತ್ತಾರಷ್ಟೆ. ಅಪರಾಧಿ ಎಂಬ ಅರ್ಥದ ‘ಕನ್ವಿಕ್ಟ್’ ಪದವೇ ಹೀಗೆ ಮೊಟಕಾಗಿದೆ ಎಂದು ಸ್ನೇಹಿತರೊಬ್ಬರ ವಾದ. ಇದು ಸರಿಯೇ? ಕಳ್ಳ, ಮೋಸಗಾರ ಎಂಬ ಪದಗಳಿಗಿಂತ ಇದರ ಅರ್ಥ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಸರಿಯಲ್ಲ. ಇಲ್ಲಿರುವುದು ‘ಕಾನ್ಫಿಡೆನ್ಸ್’, ಅಂದರೆ ನಂಬಿಕೆ. 1849ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಥಾಮ್ಸನ್ ಎಂಬಾತ ಠಾಕುಠೀಕಾಗಿ ಉಡುಪು ಧರಿಸಿ, ಬೀದಿಯಲ್ಲಿ ಸಿಕ್ಕ ಅಪರಿಚಿತ ಶ್ರೀಮಂತರನ್ನು ಹಳೆಯ ಪರಿಚಯದವನಂತೆ ಮಾತನಾಡಿಸಿ, ಮಾತು ಹದಕ್ಕೆ ಬಂದಾಗ, ನಾಳೆಯವರೆಗೆ ನಿಮ್ಮ ಗಡಿಯಾರವನ್ನು ಒಪ್ಪಿಸುವಷ್ಟು ನಂಬಿಕೆ ನನ್ನ ಮೇಲೆ ಇದೆಯೇ ಎಂದು ಕೇಳುತ್ತಿದ್ದ. ಇಲ್ಲವೆನ್ನಲು ಸಂಕೋಚಪಟ್ಟವರು ಗಡಿಯಾರ ಬಿಚ್ಚಿ ಕೊಡುತ್ತಿದ್ದರು. ಅವನು ನಗುತ್ತಲೇ ನಡೆದುಬಿಡುತ್ತಿದ್ದ. ಹೀಗೆ ಮೇ ತಿಂಗಳಲ್ಲಿ 110 ಡಾಲರಿನ ಚಿನ್ನದ ಗಡಿಯಾರ ಕಳೆದುಕೊಂಡವರೊಬ್ಬರು ಸುಮಾರು ಎರಡು ತಿಂಗಳ ಬಳಿಕ ಅವನನ್ನು ಲಿಬರ್ಟಿ ಬೀದಿಯಲ್ಲಿ ಗುರುತಿಸಿ ಪೊಲೀಸರಿಗೆ ಹಿಡಿದುಕೊಟ್ಟರು. ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆ ಅವನನ್ನು ‘ಕಾನ್ಫಿಡೆನ್ಸ್ ಮ್ಯಾನ್’ ಎಂದೇ ಕರೆದು ಸುದ್ದಿ ಪ್ರಕಟಿಸಿತು. ಅವನು ಅದಕ್ಕೂ ಮೊದಲು ಸಿಂಗ್ ಸಿಂಗ್ ಸೆರೆಮನೆಯಲ್ಲಿದ್ದು ಬಂದವನೇ ಆಗಿದ್ದ ಕಾರಣ ನಿಮ್ಮ ಸ್ನೇಹಿತರ ವಾದ ಆ ಮನುಷ್ಯನಿಗೆ ಒಪ್ಪುತ್ತದೆ, ಪದಕ್ಕೆ ಒಪ್ಪುವುದಿಲ್ಲ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಅದೇ ಪತ್ರಿಕೆ ಕೆಲವೇ ದಿನಗಳಲ್ಲಿ, ಬಡ ಗಡಿಯಾರಗಳ್ಳನು ಜೈಲು ಸೇರಿದ, ಇದೇ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸುವ ವಾಲ್ ಸ್ಟ್ರೀಟಿನವರು ಮಹಲುಗಳಲ್ಲಿದ್ದಾರೆ ಎಂಬ ಧಾಟಿಯಲ್ಲಿ ಕುಟುಕಿತ್ತು. ಪದ ಉಳಿದುಕೊಳ್ಳಲು ಈ ವ್ಯಂಗ್ಯವೂ ನೆರವಾಗಿರಬೇಕು ಎಂದು ನನ್ನ ಅನಿಸಿಕೆ. 1857ರಲ್ಲಿ ಹರ್ಮನ್ ಮೆಲ್ವಿಲ್ ಅದೇ ಹೆಸರಿನ ಕಾದಂಬರಿ ಬರೆದ. ಅದರ ಕಥೆ ಮಿಸಿಸಿಪ್ಪಿ ನದಿಯ ಹಡಗೊಂದರಲ್ಲಿ ಏಪ್ರಿಲ್ 1ರಂದು ನಡೆಯುತ್ತದೆ. ‘ಕಾನ್’ ಎಂಬ ಮೊಟಕು ರೂಪ ಬಳಕೆಗೆ ಬಂದದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ. ‘ಪ್ರೋಸ್ ಅಂಡ್ ಕಾನ್ಸ್’ ಎಂಬಲ್ಲಿನ ಕಾನ್ ಮಾತ್ರ ‘ವಿರುದ್ಧ’ ಎಂಬರ್ಥದ ಲ್ಯಾಟಿನ್ನಿನ ‘ಕಾಂಟ್ರಾ’. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಉತ್ತರ 3:
ಅರ್ಥವ್ಯತ್ಯಾಸದ ಪ್ರಶ್ನೆ ಹಾಗೇ ಉಳಿದಿದೆ. ‘ಟೋಪಿ ಹಾಕುವವನು’ ಎಂದರೆ ವ್ಯಾಪ್ತಿ ಹೆಚ್ಚಾಯಿತು. ತಕ್ಕಡಿಯಡಿ ಹುಣಸೆಹಣ್ಣು ಅಂಟಿಸಿ ತೂಗುವ ಅಂಗಡಿಯವನೂ ಟೋಪಿ ಹಾಕುತ್ತಾನೆ, ಆದರೆ ಅವನು ಕಾನ್‌ಮನ್ ಅಲ್ಲ. ‘ನಂಬಿಸಿ ಕತ್ತು ಕೊಯ್ಯುವವನು’ ಎಂಬ ನಮ್ಮ ಮಾತು ಹೆಚ್ಚು ಹತ್ತಿರದ್ದು. ಕಳ್ಳನಿಂದ ಇವನನ್ನು ಬೇರ್ಪಡಿಸುವ ಗೆರೆ ನಮ್ಮ ಕಾನೂನಿನಲ್ಲಿಯೂ ಸ್ಪಷ್ಟವಾಗಿದೆ. ಒಡೆಯನ ಒಪ್ಪಿಗೆಯಿಲ್ಲದೆ ಒಯ್ದರೆ ಕಳವು; ಅವನೇ ಮರುಳಾಗಿ ಕೈಯಾರೆ ಕೊಡುವಂತೆ ಮಾಡಿದರೆ ವಂಚನೆ. ಎರಡನೆಯದು ದಂಡಸಂಹಿತೆಯ 420ನೆಯ ಕಲಮಿನಲ್ಲಿತ್ತು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿಗೆ ಸೇರಿದೆ. ಜನರ ಬಾಯಲ್ಲಿ ಮಾತ್ರ ಅಂಥವನು ಇನ್ನೂ ‘ಫೋರ್ ಟ್ವೆಂಟಿ’ಯೇ.