ಮೂರು ದಿನ ನಿಂತರೆ ಸ್ಟಾರ್ಟ್ ಆಗಲು ಸತಾಯಿಸುವ ಹಳೇ ಕಾರು: ಪಂಪ್ ಬದಲಿಸಬೇಕೇ?

ಹಳೇಗಾಡಿ:
ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಕಾರ್ಬ್ಯುರೇಟರ್, ಇಂಜಿನ್‌ಗೇ ಕೂರಿಸಿದ ಮೆಕ್ಯಾನಿಕಲ್ ಫ್ಯೂಯೆಲ್ ಪಂಪ್. ದಿನಾ ಓಡಿಸಿದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಮೂರು ದಿನ ನಿಂತರೆ ಮಾತ್ರ ಬಿಟ್ಟು ಬಿಟ್ಟು ಅರ್ಧ ನಿಮಿಷ ಸೆಲ್ಫ್ ಹೊಡೆಯಬೇಕು. ಸ್ಪಾರ್ಕ್ ಬರಿಸುವ ಪ್ಲಗ್, ಪಾಯಿಂಟ್ ಎರಡೂ ಹೊಸವು. ಪಂಪ್ ಹೋಗಿದೆಯೇ?

ಸ್ಪ್ಯಾನರ್14:
ಪಂಪ್ ಈಗಲೇ ಕೊಳ್ಳಬೇಡಿ. ಮುಂದಿನ ಸಲ ಗಾಡಿ ಮೂರು ದಿನ ನಿಂತ ಮೇಲೆ, ಕೀ ಮುಟ್ಟುವ ಮೊದಲು ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯೊಳಗೆ ನೋಡುತ್ತಾ ಥ್ರಾಟಲ್ ಲಿವರ್ ಕೈಯಲ್ಲೇ ಒತ್ತಿ. ಸಣ್ಣ ಜೆಟ್‌ನಿಂದ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಬೇಕು. ಚಿಮ್ಮಿತೋ, ಪೆಟ್ರೋಲ್ ಇದೆ. ಚೋಕ್ ಮತ್ತು ಸ್ಪಾರ್ಕ್ ಕಡೆ ಹೋಗಿ. ಒಣಗಿದ್ದರೆ ಫ್ಲೋಟ್ ಚೇಂಬರ್ (ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿ) ಖಾಲಿ ಅಂತ ಇಟ್ಟುಕೊಳ್ಳಿ.

ಚೇಂಬರ್ ಖಾಲಿಯಾಗುವುದೇ ರೋಗವಲ್ಲ. ಬಿಸಿ ಇಂಜಿನ್ ಆಫ್ ಮಾಡಿದ ಮೇಲೆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಆದರೆ ಪೈಪ್ ತುಂಬಿದ್ದರೆ ಪಂಪ್ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮತ್ತೆ ತುಂಬಿಸುತ್ತದೆ. ಅರ್ಧ ನಿಮಿಷ ಬೇಕೆಂದರೆ ಪೈಪಿನಲ್ಲಿದ್ದದ್ದೂ ಟ್ಯಾಂಕಿಗೆ ಇಳಿದಿರಬಹುದು. ಅದಕ್ಕೆ ಕಾರಣ ಪಂಪಿನೊಳಗಿನ ವಾಲ್ವ್ ಸರಿಯಾಗಿ ಕೂರದಿರುವುದು, ಇಲ್ಲವೇ ಟ್ಯಾಂಕ್–ಪಂಪ್ ನಡುವಿನ ರಬ್ಬರ್ ಹೋಸ್ ಬಿರಿದು ಗಾಳಿ ಎಳೆಯುವುದು. ಇದು ಎಳೆಯುವ ಕಡೆಯ ಪೈಪ್. ಹಾಗಾಗಿ ಎಷ್ಟೋ ಸಲ ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಕಣ್ಣಿಗೆ ಬೀಳದಿರುವುದೇ ಅದಕ್ಕೆ.

ಎರಡನ್ನೂ ಬೇರ್ಪಡಿಸುವುದು ಸುಲಭ. ಕಾಯಿಲ್‌ನ ಪ್ಲಸ್ ವೈರ್ ಕಳಚಿ, ಸ್ಪಾರ್ಕ್ ಬರಬಾರದು. ಕಾರ್ಬ್ಯುರೇಟರ್‌ಗೆ ಹೋಗುವ ಹೋಸ್ ಬಿಚ್ಚಿ, ತುದಿಯನ್ನು ಬಾಟಲಿಯೊಳಗೆ ಇಳಿಸಿ, 15 ಸೆಕೆಂಡ್ ಸೆಲ್ಫ್ ಹೊಡೆಸಿ. ಬಳಕ್ ಬಳಕ್ ಎಂದು ಗುಳ್ಳೆಯಿಲ್ಲದೆ ಬೀಳಬೇಕು. ಗುಳ್ಳೆ ಬಂದರೆ, ಪಂಪಿನ ಇನ್‌ಲೆಟ್‌ಗೆ ಹೊಸ ಹೋಸ್ ತುಂಡು ಹಾಕಿ ನೇರ ಪೆಟ್ರೋಲ್ ಕ್ಯಾನಿಗೆ ಬಿಡಿ. ಆಗ ಸರಿಹೋದರೆ ಪಂಪ್ ನಿರಪರಾಧಿ. ಬಯಲಲ್ಲೇ ಮಾಡಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಕ್ಯಾಮ್‌ಶಾಫ್ಟ್:
ಮೇಲಿನದು ಸರಿ, ಆದರೆ ಬ್ಯಾಟರಿ ಬಿಟ್ಟಿರಿ. ಈ ಪಂಪನ್ನು ಒತ್ತುವುದು ಕ್ಯಾಮ್, ಅಂದರೆ ಇಂಜಿನ್ ಒಳಗೆ ತಿರುಗುವ ಶಾಫ್ಟಿನ ಉಬ್ಬು. ಇಂಜಿನ್ ಎರಡು ಸುತ್ತು ತಿರುಗಿದರೆ ಪಂಪಿಗೆ ಒಂದೇ ಹೊಡೆತ. ಸೆಲ್ಫ್ ನಿಧಾನವಾದರೆ ಪೆಟ್ರೋಲೂ ನಿಧಾನ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಮೊದಲು ಅದನ್ನು ನೋಡಿ. ಡಿಪ್‌ಸ್ಟಿಕ್ಕನ್ನೂ ಮೂಸಿ: ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಮ್ (ಪೆಟ್ರೋಲ್ ಎಳೆದು ತಳ್ಳುವ ಪೊರೆ) ಹರಿದಿರುವ ಅನುಮಾನ ಗಟ್ಟಿ. ಆಗ ಇಂಜಿನ್ ಓಡಿಸಲೇಬೇಡಿ. ಪಂಪಿನ ಜೊತೆ ಆಯಿಲೂ ಬದಲಾಗಬೇಕು.

ಹಳೇಗಾಡಿ:
ಜೆಟ್ ಒಣಗಿತ್ತು. ಬ್ಯಾಟರಿ 10.4, ಆಯಿಲ್ ಸರಿ. ಬಾಟಲಿಯಲ್ಲಿ ಗುಳ್ಳೆ, ಕ್ಯಾನ್ ಇಟ್ಟಾಗ ಇಲ್ಲ. ಪಂಪಿನ ಹಿಂದಿನ ಹೋಸ್ ಮಡಚಿದರೆ ಕ್ಲಾಂಪ್ ಅಡಿಯಲ್ಲೇ ಬಿರುಕು.

ಸ್ಪ್ಯಾನರ್14:
ಹಾಗಾದರೆ ಟ್ಯಾಂಕಿನ ಬಳಿಯ ತುಂಡನ್ನೂ ಬಿಡಬೇಡಿ, ಅದಕ್ಕೂ ಅಷ್ಟೇ ವಯಸ್ಸು. ಎಥನಾಲ್ ಬೆರೆತ ಪೆಟ್ರೋಲ್ ತಡೆಯುವ ಹೋಸೇ ಹಾಕಿ. ಬದಲಿಸಿದ ಮೇಲೂ ಮೂರು ದಿನ ನಿಂತರೆ ಹತ್ತು ಸೆಕೆಂಡ್ ಹಿಡಿಯಬಹುದು, ಅದು ಆವಿಯ ಲೆಕ್ಕ. ಆಗ ಆಕ್ಸಿಲರೇಟರ್ ಮುಟ್ಟದೆ ಹತ್ತು ಸೆಕೆಂಡ್ ಸೆಲ್ಫ್ ಹೊಡೆದು ಬಿಡಿ, ಸೆಲ್ಫ್ ಮೋಟಾರ್ ತಣಿಯಲಿ, ಆಮೇಲೆ ಚೋಕ್ ಎಳೆದು ಎರಡು ಸಲ ಪೆಡಲ್ ತುಳಿದು ಕೀ ತಿರುಗಿಸಿ.